ಗುಟುಕುಬಾನಿ ಕೆರೆ

ಕರೇಹಳ್ಳದ ಹಟ್ಟಿಯ ಕೆರೆಗೆ ಗುಟುಕುಬಾನಿ ಎಂಬ ಹೆಸರು; ಕೇಳಿದವರು ಮೊದಲು ನಗುತ್ತಾರೆ. ಸೀಮೆಯ ದನಕ್ಕೆಲ್ಲ ಕುಡಿಸುವ ಕೆರೆಗೆ ಒಂದು ಗುಟುಕಿನ ಹೆಸರೇ! ಕೆರೆಯ ಸುತ್ತ ನೆಲ ಇಂದಿಗೂ ಬೋಳು; ಗೊರಸಿಗೆ ಸಿಕ್ಕಿ ಮಣ್ಣು ಹಿಟ್ಟಾಗಿದೆ. ಗುಡ್ಡ ಏರಿದಂತೆ ಹುಲ್ಲು ಮೊಳಕಾಲಿಗೆ, ಆಮೇಲೆ ಸೊಂಟಕ್ಕೆ ಬರುತ್ತದೆ. ದನ ನೀರು ಬಿಟ್ಟು ದೂರ ಹೋಗುವುದಿಲ್ಲ.

ಹಿಂದೆ ಒಮ್ಮೆ ಇಲ್ಲಿ ದೇವರ ದನ ಕಾಯುವ ಕಿಲಾರಿ ಸೂರಯ್ಯನಿದ್ದ. ದೇವರ ದನಕ್ಕೆ ಕೋಲು ಎತ್ತುವಂತಿಲ್ಲ, ಗದರುವಂತಿಲ್ಲ. ಒಂದು ಬೇಸಿಗೆ ಅವು ಕೆರೆಯಂಚಿಗೇ ಅಂಟಿಕೊಂಡು, ನೀರಿನ ಪಕ್ಕದಲ್ಲೇ ಹಸಿದು ಕರುಗಳು ಸಾಯತೊಡಗಿದವು. ಗುಡ್ಡದ ನೆತ್ತಿಯ ಬಂಡೆಯೊಳಗೆ, ದನ ಇಳಿಯಲಾಗದ ದೊಣೆಯಲ್ಲಿ ನೀರಿತ್ತು. ಸೂರಯ್ಯ ಅಂಗೈಯಲ್ಲಿ ಉಪ್ಪು ತೋರಿಸುತ್ತ ದನವನ್ನು ಮೇಲಕ್ಕೆ ನಡೆಸಿ, ಮರದ ಬಾನಿಗೆ ದೊಣೆಯ ನೀರು ಹೊತ್ತು ಹಾಕಿದ. ತಿಂಗಳೊಳಗೆ ಬಾನಿಯ ಸುತ್ತಲೂ ನೆಲ ಬೋಳಾಯಿತು. ಬಾನಿಯನ್ನು ಇನ್ನೂ ದೂರಕ್ಕೆ ಒಯ್ದ. ಹೀಗೆ ಹಟ್ಟಿಯ ಹೊಗೆಯೂ ಕಾಣದಷ್ಟು ದೂರ ಹೋದ.

ಹೆಂಡತಿ ಬಂಗಾರಕ್ಕ ಬುತ್ತಿ ತಂದವಳು ಒಂದು ದಿನ ಕೇಳಿಯೇಬಿಟ್ಟಳು: "ಒಂದಿನ ಮನೀಗೆ ಬಂದು ಹೋಗಯ್ಯ, ನಿನ್ ಮಕಾನೇ ಮರ್ತೋಗೈತೆ."

"ನಾನಿಳಿದ್ರೆ ದನಾನೂ ಹಿಂದೇ ಇಳೀತಾವೆ ಕಣೆ. ಮಳೆ ಬರ್ಲಿ."

ಆಮೇಲೆ ಅವಳು ಬರಲಿಲ್ಲ. ಯಾರೋ ಬುತ್ತಿಯನ್ನು ದಾರಿಯ ಬಂಡೆಯ ಮೇಲಿಟ್ಟು, ಅವನ ಕಣ್ಣಿಗೆ ಬೀಳದೆ ಹೋಗುತ್ತಿದ್ದರು. ಮುನಿಸಿಕೊಂಡಿದ್ದಾಳೆ ಎಂದುಕೊಂಡ ಸೂರಯ್ಯ. ಮಾತಿಗೆ ಜನವಿರಲಿಲ್ಲ. ಅವಳಿಗೆ ಹೇಳಬೇಕಾದ್ದನ್ನೆಲ್ಲ ದನಕ್ಕೇ ಹೇಳುತ್ತಿದ್ದನಂತೆ.

ಮಳೆ ಬಿತ್ತು, ಕೆಳಗೂ ಹಸಿರಾಯಿತು. ಒಂದು ದನವನ್ನೂ ಕಳೆಯದೆ ಇಳಿದು ಬಂದ ಕಿಲಾರಿಯನ್ನು ಹಟ್ಟಿಯ ಗೌಡ ತಲೆ ತಗ್ಗಿಸಿ ಎದುರುಗೊಂಡ.

"ಬಂಗಾರಕ್ಕ ಹೋಗಿ ಎಲ್ಡು ತಿಂಗ್ಳಾತಪ್ಪ. ನಿನ್ ಕಿವಿಗೆ ಬಿದ್ರೆ ಸೂತಕ. ಸೂತಕದೋನು ದೇವ್ರ ದನ ಮುಟ್ಟಂಗಿಲ್ಲ, ಅವು ಬ್ಯಾರೇರ ಹಿಂದೆ ನಡ್ಯಾಕಿಲ್ಲ. ಅದ್ಕೇ ಹೇಳ್ಲಿಲ್ಲ."

ಸೂರಯ್ಯ ಕೇಳಿದ್ದು ಒಂದೇ ಮಾತು: "ಬಾಯಿಗೆ ನೀರು ಬಿಟ್ಟೋರ್ಯಾರು?"

"ನಿನ್ ಕೈಯಿಂದ್ಲೇ ಬೇಕು ಅಂತ ಬಾಯಿ ಬಿಗಿದ್ಕಂಡ್ಲು."

ಅವನು ಮತ್ತೆ ದನ ಕಾಯಲಿಲ್ಲ ಎನ್ನುತ್ತಾರೆ. ಕೆರೆಯ ಏರಿಯ ಮೇಲೆ, ಅವಳನ್ನು ಮಣ್ಣು ಮಾಡಿದ ಜಾಗದಲ್ಲಿ ಅವನೇ ಕೆತ್ತಿಟ್ಟ ಕಲ್ಲುಬಾನಿ ಈಗಲೂ ಇದೆ. ಅಂಗೈಯಗಲದ್ದು; ಕರುವಿನ ಮೂತಿಯೂ ಹಿಡಿಸುವುದಿಲ್ಲ. ದಿನವೂ ಅದಕ್ಕೆ ಒಂದು ಗುಟುಕು ನೀರು ಬಿಟ್ಟು, ಆರುವ ತನಕ ಪಕ್ಕದಲ್ಲೇ ಕೂರುತ್ತಿದ್ದನಂತೆ. ಇಂದು ದನ ಕಾಯುವವರು ಹಾದುಹೋಗುವಾಗ ಅದರಲ್ಲಿ ನೀರು ಬಿಡುತ್ತಾರೆ. ಬಿಟ್ಟವರು ಅಂದು ಮನೆಗೆ ತಡಮಾಡುವುದಿಲ್ಲ.