ಜವರನ ಐನೂರು ದಂಡ

ಹೊಳೆದಂಡೆಯ ಗರಡಿಮನೆಯಲ್ಲಿ ರಾಚಪ್ಪ ಉಸ್ತಾದರು ಸಾಮು ಕಲಿಸುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ನಗು ಮಾತ್ರ ಇನ್ನೂ ಹಾಲುಹಲ್ಲಿನ ಕಾಲದ್ದು.

ಆ ಗರಡಿಗೆ ಒಂದು ಕಟ್ಟಳೆ ಇತ್ತು. ದಂಡ ಹೊಡೆಯುವಾಗ ಹಣೆಯಲ್ಲಿ ಬೆವರು ಮೂಡಿ, ಮೂಗಿನ ತುದಿಗೆ ಇಳಿದು, ಬಾಯಿ ಒಣಗಿತೋ, ಅಲ್ಲಿಗೆ ನಿಲ್ಲಿಸಬೇಕು. ಅಷ್ಟು ಹೊತ್ತಿಗೆ ಮೈಯ ಬಲದಲ್ಲಿ ಅರ್ಧ ಖರ್ಚಾಗಿರುತ್ತದೆ ಎಂಬುದು ಅವರ ಲೆಕ್ಕ. ನಿಲ್ಲಿಸದವನ ಬೆನ್ನಿಗೆ ಒಂದು ಹಿಡಿ ಕೆಮ್ಮಣ್ಣು ಎರಚುತ್ತಿದ್ದರು.

ಜವರನ ಬೆನ್ನು ಸದಾ ಕೆಂಪು.

"ಇನ್ನೂ ಕಸುವೈತೆ ಬುದ್ದಿ," ಅನ್ನುತ್ತಿದ್ದ.

"ಇರ್ಲಿ ಬುಡ್ಲಾ. ಅದು ನಿಂದಲ್ಲ."

"ನನ್ ಮೈಲಿರೋದು ನಂದಲ್ದೆ ಇನ್ಯಾರ್ದು?"

ಉಸ್ತಾದರು ನಗುತ್ತ ಹೋಗಿ ಹೊಳೆಗೆ ಧುಮುಕುತ್ತಿದ್ದರು.

ಜವರನಿಗೆ ಬೇಕಾಗಿದ್ದುದು ಅವರ ಬಾಯಿಂದ ಒಂದು ಮಾತು: "ಗಟ್ಟಿಯಾದೆ ಕಣ್ಲಾ." ಆ ಮಾತು ಹೇಳಿಸಿಕೊಂಡವನು ಉಸ್ತಾದರ ಪಕ್ಕದಲ್ಲಿ ನಿಂತು ಬೇರೆಯವರಿಗೆ ಕಲಿಸಬಹುದಿತ್ತು. ಮೂರು ವರ್ಷದಲ್ಲಿ ಮೂರು ಸಲ ಕೇಳಿದ್ದ. ಮೂರು ಸಲವೂ "ಇನ್ನೂ ಇಲ್ಲ" ಅನ್ನಿಸಿಕೊಂಡಿದ್ದ.

ಮುದುಕ ತನ್ನನ್ನು ಬೇಕೆಂದೇ ತಡೆದಿದ್ದಾನೆ ಅನ್ನಿಸಿತು. ಗುರುವಿಗೇ ತಿರುಮಂತ್ರ ಹಾಕಿದ. ಗರಡಿಯಲ್ಲಿ ಉಳಿದ ಅರ್ಧವನ್ನು ಮನೆಯ ಹಿತ್ತಲಲ್ಲಿ ಮುಗಿಸತೊಡಗಿದ.

ದಂಡ ಮುನ್ನೂರಾಯಿತು, ನಾನೂರಾಯಿತು. ತೋಳು ತೊಲೆಯಂತಾಯಿತು. ಊಟ ರುಚಿಸದು, ನಿದ್ದೆ ಹತ್ತದು. ಬೆವರು ನಿಲ್ಲಬೇಕಾದ ಮೂಗಿನ ತುದಿಯಲ್ಲಿ ಕೋಪ ಬಂದು ಕೂತಿತ್ತು. ಹೆಂಡತಿ ದೇವೀರಿ ಮಾತು ಕಡಿಮೆ ಮಾಡಿದಳು.

ಐದು ವರ್ಷದ ಮಗಳು ಚಿಕ್ಕತಾಯಿ ಬೆನ್ನಿಗೆ ಜೋತುಬಿದ್ದು, "ಅಪ್ಪಾ, ಉಪ್ಪುಮೂಟೆ ಹೊತ್ಕೊ," ಅನ್ನುತ್ತಿದ್ದಳು.

"ಸುಸ್ತಾಗೈತೆ, ಹೋಗವ್ವ."

ಕೆಲವು ದಿನ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಬಿಟ್ಟಿದ್ದು ಅವನಿಗೆ ಗೊತ್ತೂ ಆಗಲಿಲ್ಲ.

ಐನೂರು ತುಂಬಿದ ಮಾರನೆಯ ಬೆಳಿಗ್ಗೆ ಜವರ ಎದೆಯುಬ್ಬಿಸಿಕೊಂಡು ಗರಡಿಗೆ ಬಂದ.

"ಬುದ್ದಿ, ಇವತ್ತು ಮಣ್ಣು ಎರಚ್ಬೇಡಿ. ಸುಮ್ನೆ ನೋಡಿ."

"ಆಗ್ಲಿ, ನೋಡಾನ," ಎಂದು ಉಸ್ತಾದರು ಬೇವಿನ ಮರದ ಕೆಳಗೆ ಕೂತರು.

ಉಳಿದ ಹುಡುಗರು ಕೂಗಿ ಕೂಗಿ ಎಣಿಸಿದರು. ಐನೂರನೆಯದಕ್ಕೆ ಜವರ ಮಣ್ಣಿನ ಮೇಲೆ ಬಿದ್ದ. ಕಷ್ಟಪಟ್ಟು ಎದ್ದು ಕೂತ. ಮುಖದಲ್ಲಿ ರಾಜ್ಯ ಗೆದ್ದ ಕಳೆ.

"ಈಗ ಹೇಳಿ ಬುದ್ದಿ. ಗಟ್ಟಿಯಾದ್ನಾ?"

ಉಸ್ತಾದರು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕತಾಯಿ ಬಂದಳು. ಅಪ್ಪನಿಗೆಂದು ಅವ್ವ ಕಳಿಸಿದ ಹಾಲಿನ ಚೊಂಬು ಕೈಯಲ್ಲಿತ್ತು. ಅದನ್ನು ಅಪ್ಪನ ಪಕ್ಕ ಇಟ್ಟು, ಅವನನ್ನು ದಾಟಿಕೊಂಡು ಉಸ್ತಾದರ ಬಳಿ ಹೋದಳು.

"ತಾತ, ನೀನು ನನ್ನ ಉಪ್ಪುಮೂಟೆ ಹೊತ್ಕೋತೀಯಾ?"

"ನಿಮ್ಮಪ್ಪನ್ನ ಬುಟ್ಟು ನನ್ಯಾಕವ್ವ ಕೇಳ್ತೀಯೆ?"

"ಅಪ್ಪಂಗೆ ಶಕ್ತಿ ಇಲ್ಲ ತಾತ."

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಗರಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಜವರನ ಕಿವಿ ಕಾದವು. "ಬಾರವ್ವ ಇಲ್ಲಿ, ನಾನ್ ಹೊತ್ಕೋತೀನಿ," ಎಂದು ಎದ್ದ. ಮೊಣಕಾಲು ಗಡಗಡ ನಡುಗಿ ಮಡಿಸಿಕೊಂಡವು. ಕೂತಲ್ಲೇ ಕೂತ. ಎಷ್ಟೋ ಕುಸ್ತಿಗಳಲ್ಲಿ ಚಿತ್ತಾಗಿದ್ದ, ಆದರೆ ಇಷ್ಟು ನೋವು ಎಂದೂ ಆಗಿರಲಿಲ್ಲ.

ಉಸ್ತಾದರು ಪಂಚೆ ಎತ್ತಿ ಕಟ್ಟಿ ಬಗ್ಗಿದರು.

"ಹತ್ತವ್ವ!"

ಮಗುವನ್ನು ಹೊತ್ತು ಅಖಾಡದ ಸುತ್ತ ಓಡಿದರು. "ಉಪ್ಪು ಬೇಕೇನ್ರವ್ವ ಉಪ್ಪೂ!" ಆಚೆ ದಂಡೆಯಿಂದ ಯಾರೋ, "ಸೇರಿಗೆಷ್ಟಪ್ಪಾ?" ಎಂದು ಕೂಗಿದರು. ಚಿಕ್ಕತಾಯಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು.

ಮೂರು ಸುತ್ತು ಮುಗಿಸಿ ಅವಳನ್ನು ಇಳಿಸಿದವರೇ ಉಸ್ತಾದರು ಚೊಂಬೆತ್ತಿ ಗಟಗಟ ಹಾಲು ಕುಡಿದರು.

"ಬುದ್ದಿ, ಅದು ನನ್ ಹಾಲು," ಅಂದ ಜವರ.

"ಹೊತ್ತೋನ್ ಹಾಲು ಕಣ್ಲಾ."

ಮಾರನೆಯ ದಿನ ಬೆವರು ಮೂಗಿಗೆ ಇಳಿದದ್ದೇ ಜವರ ನಿಲ್ಲಿಸಿದ. ಮನೆಗೆ ಬಂದರೆ ಮೈಯಲ್ಲಿ ಇನ್ನೂ ಕಸುವು. ಏನು ಮಾಡಬೇಕೋ ತೋಚದೆ ಬಾವಿಯಿಂದ ಹತ್ತು ಕೊಡ ನೀರು ಸೇದಿದ.

"ಇದೇನು ಇವತ್ತು?" ಅಂದಳು ದೇವೀರಿ.

"ಅರ್ಧ ಮಿಕ್ಕೈತೆ."

ಅವಳಿಗೆ ಅರ್ಥವಾಗಲಿಲ್ಲ. ಆದರೂ ಒಂದು ಮುದ್ದೆ ಹೆಚ್ಚಿಗೆ ಇಕ್ಕಿದಳು. ಎಷ್ಟೋ ದಿನದ ಮೇಲೆ ಅವನಿಗೆ ಸಾರಿನ ರುಚಿ ತಿಳಿಯಿತು. ಒರಗಿದ್ದೇ ತಡ, ನಿದ್ದೆ ಬಂತು.

ಚಿಕ್ಕತಾಯಿ ಮೂರು ದಿನ ದೂರದಿಂದಲೇ ನೋಡಿದಳು. ನಾಲ್ಕನೆಯ ದಿನ ಜವರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟ.

"ಬೀಳ್ಸಲ್ವಾ?"

"ಬೀಳ್ಸಲ್ಲ ಕಣವ್ವ."

ಪುಟ್ಟ ಕೈಗಳು ಕೊರಳನ್ನು ಬಳಸಿದವು. ಜವರನಿಗೆ ಸಂತೋಷ ತಡೆಯಲಾಗಲಿಲ್ಲ, ಕಣ್ಣು ತುಂಬಿ ಬಂದವು. ಬೀದಿಯ ಕೊನೆಯವರೆಗೂ ಓಡಿದ.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅವಳನ್ನು ಹೊತ್ತುಕೊಂಡೇ ಗರಡಿಗೆ ಬಂದ. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು.

"ಏನ್ಲಾ ಜವರ, ಈಚೆಗೆ ಕೇಳೋದೇ ಬುಟ್ಬುಟ್ಟಲ್ಲ?" ಅಂದರು ಉಸ್ತಾದರು.

"ಮರ್ತೇ ಹೋಗಿತ್ತು ಬುದ್ದಿ! ಈಗ ಕೇಳ್ತೀನಿ, ಹೇಳಿ. ಗಟ್ಟಿಯಾದ್ನಾ ನಾನು?"

"ನನ್ಯಾಕ್ಲಾ ಕೇಳ್ತೀಯೆ? ಬೆನ್ ಮ್ಯಾಲೆ ಕುಂತವ್ಳಲ್ಲ, ಅವಳ್ನ ಕೇಳು."