ಬಳೆಗಾರ ನೋಡಿದ ಮನೆಗಳು

"ಬುದ್ಧಿ, ನನಗೆ ತಕ್ಕ ಮಠ ಇದೇ ಎಂದು ತಿಳಿಯುವುದು ಹೇಗೆ?" ಎಂದು ಮುರಿಗೆಯ್ಯ ತನ್ನ ಗುರುಗಳನ್ನು ಕೇಳಿದ. ಅವನು ಅದಾಗಲೇ ಮೂರು ಮಠಗಳಲ್ಲಿ ಇದ್ದು ಬಂದವನು. ಒಂದರಲ್ಲಿ ಪಾಠ ಕಡಿಮೆ, ಇನ್ನೊಂದರಲ್ಲಿ ಜನ ಹೆಚ್ಚು. ಮೂರನೆಯದನ್ನು ಬಿಟ್ಟದ್ದು ಏಕೆಂದು ಅವನಿಗೇ ಹೇಳಲು ಬರುತ್ತಿರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ಬಳೆಗಾರನಿದ್ದ. ಬಳೆಯ ಮಲಾರ ಹೊತ್ತು ಊರೂರು ತಿರುಗಿ, ಕೊನೆಗೆ ಪೇಟೆಯಲ್ಲಿ ಅಂಗಡಿ ಹಾಕಿದ. ಇದ್ದದ್ದು ಬಾಡಿಗೆ ಮನೆಯಲ್ಲಿ. ಹೆಂಡತಿ ಬಸುರಿಯಾದಳು. "ಮಗು ಹುಟ್ಟುವುದರೊಳಗೆ ನಮ್ಮದೆಂಬ ಒಂದು ಸೂರು ಮಾಡಿ. ತೊಟ್ಟಿಲು ಕಟ್ಟಲು ಒಂದು ತೊಲೆ ಇದ್ದರೆ ನನಗೆ ಸಾಕು" ಎಂದಳು. ಕೈಯಲ್ಲಿ ಅನುಕೂಲವಿತ್ತು. ಬಳೆಗಾರ ಅಂದೇ ಹೋಗಿ ಒಬ್ಬ ದಲ್ಲಾಳಿಯನ್ನು ಕಂಡ.

ದಲ್ಲಾಳಿ ವಯಸ್ಸಾದವನು, ಸುಳ್ಳು ಹೇಳದವನು. ಮೊದಲ ಮನೆಯ ಹೊಸ್ತಿಲಲ್ಲೇ, ದೋಷವೇನೆಂದು ಬಳೆಗಾರ ಕೇಳಿದಾಗ, "ಗೋಡೆ ಗಟ್ಟಿ, ಬಾವಿಯ ನೀರು ಸಿಹಿ. ಆದರೆ ಅಡುಗೆಮನೆ ಕತ್ತಲೆ, ಶೆಟ್ಟರೇ" ಎಂದ. ಬಳೆಗಾರ ಗೋಡೆಯನ್ನು ಗುದ್ದಿ ನೋಡಿದ. ನೀರು ಸೇದಿ ಕುಡಿದ. ಎಲ್ಲವೂ ಒಪ್ಪಿಗೆಯಾಯಿತು, ಆ ಕತ್ತಲೆಯೊಂದು ಮನಸ್ಸಿನಿಂದ ಹೋಗಲಿಲ್ಲ. ಬೇಡವೆಂದ.

ಎರಡನೆಯ ಮನೆಯಲ್ಲಿ ಬೆಳಕು ಧಾರಾಳ, ಆದರೆ ಪಕ್ಕದಲ್ಲೇ ಕಮ್ಮಾರನ ಕುಲುಮೆ. ಮಗು ಮಲಗುವುದು ಹೇಗೆಂದು ಅದನ್ನೂ ಬಿಟ್ಟ. ಮೂರನೆಯದರ ಅಟ್ಟ ತಗ್ಗು. ನಾಲ್ಕನೆಯದರಲ್ಲಿ ಎಷ್ಟು ಹುಡುಕಿದರೂ ದೋಷ ಸಿಗಲಿಲ್ಲ. ಅವನಿಗೆ ಅನ್ನ ಸೇರದಂತಾದದ್ದು ಆಗಲೇ. ಕಾಣುತ್ತಿಲ್ಲವೆಂದರೆ ಎಲ್ಲೋ ಅಡಗಿರಬೇಕು ಎಂದುಕೊಂಡ. ಬೆಳಿಗ್ಗೆ ಹೋಗಿ ನೋಡಿದ, ಮಧ್ಯಾಹ್ನ ಹೋಗಿ ನೋಡಿದ, ಮಳೆ ಬಂದ ದಿನ ಕೊಡೆ ಹಿಡಿದು ಹೋಗಿ ಸೂರಿನ ಕೆಳಗೆ ಕತ್ತೆತ್ತಿ ನಿಂತ. ಒಂದು ಹನಿಯೂ ಸೋರಲಿಲ್ಲ. ನೆಮ್ಮದಿಯೂ ಬರಲಿಲ್ಲ. ಅಷ್ಟರಲ್ಲಿ ಆ ಮನೆಯವರು ಬೇರೊಬ್ಬರಿಗೆ ಮಾತು ಕೊಟ್ಟರು. ಸುದ್ದಿ ಕೇಳಿ ಬಳೆಗಾರನ ಎದೆ ಹಗುರವಾಯಿತು. ಮರುಗಳಿಗೆಯೇ ಹೋಗಿ ಆ ಮನೆಯ ಮುಂದೆ ನಿಂತ.

ಮಗು ಬಾಡಿಗೆ ಮನೆಯಲ್ಲೇ ಹುಟ್ಟಿತು. ತೊಲೆಗೆ ಕೊಂಡಿ ಹೊಡೆಯಲು ಮನೆಯ ಯಜಮಾನ ಬಿಡಲಿಲ್ಲ. ತಾಯಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗಿದಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವನನ್ನು ಚುಚ್ಚಿತು. ಅಂಗಡಿಯಲ್ಲಿ ಕೂತರೂ ಕಣ್ಣ ಮುಂದೆ ಮನೆಗಳೇ. ಬಳೆ ತೊಡಿಸುತ್ತ ತೊಡಿಸುತ್ತ ಗಿರಾಕಿಯ ಕೈಯಲ್ಲೇ ಒಡೆದುಬಿಡುತ್ತಿದ್ದ. ಮಗು ಅಂಬೆಗಾಲಿಟ್ಟಿತು, ಎದ್ದು ನಡೆಯಿತು. ಅವನು ನೋಡಿದ ಮನೆಗಳು ನಲವತ್ತು ದಾಟಿದವು.

ಒಂದು ದಿನ ಮತ್ತೊಂದು ಮನೆ ನೋಡಲು ಹೋಗುವಾಗ ಬಳೆಗಾರನೂ ದಲ್ಲಾಳಿಯೂ ಆ ಮೊದಲ ಮನೆಯ ಮುಂದೆ ಹಾದರು. ಬಾಗಿಲು ತೆರೆದಿತ್ತು. ಅಡುಗೆಮನೆಯ ತುಂಬ ಬೆಳಕು. ಒಲೆಯ ಮುಂದೆ ಕೂತ ಹೆಂಗಸಿನ ಮುಖ ಬೀದಿಗೆ ಕಾಣುತ್ತಿತ್ತು. ಜಗಲಿಯ ಮೇಲೆ ಆ ಮನೆ ಕೊಂಡ ದರ್ಜಿ ಹೊಲಿಯುತ್ತ ಕೂತಿದ್ದ.

ಬಳೆಗಾರ ನಿಂತುಬಿಟ್ಟ. "ಈ ಅಡುಗೆಮನೆ ಕತ್ತಲೆಯಿತ್ತಲ್ಲ?"

"ಇತ್ತು. ಬಂದ ವಾರವೇ ಮೇಲೆ ಹತ್ತಿ ನಾಲ್ಕು ಹೆಂಚು ತೆಗೆದು ಗಾಜಿನ ಹೆಂಚು ಹಾಕಿದೆ" ಎಂದ ದರ್ಜಿ, ಸೂಜಿಯಿಂದ ಕಣ್ಣೆತ್ತದೆ.

ಬಳೆಗಾರ ದಲ್ಲಾಳಿಯ ಕಡೆ ತಿರುಗಿದ. "ಹೀಗೆ ಮಾಡಬಹುದೆಂದು ನನಗೇಕೆ ಹೇಳಲಿಲ್ಲ?"

"ನೀವು ಕೇಳಿದ್ದು ಮನೆಯ ದೋಷವೇನು ಎಂದು. ಅದನ್ನು ಹೇಳಿದೆ. ಅವರು ಕೇಳಿದ್ದು ಏಣಿ ಯಾರಲ್ಲಿ ಸಿಗುತ್ತದೆ ಎಂದು."

ಬಳೆಗಾರ ಅಂದು ನೋಡಲು ಹೊರಟಿದ್ದ ಮನೆಯನ್ನೇ ಕೊಂಡ. ಅದರ ಹಿತ್ತಿಲ ಗೋಡೆ ಬಿದ್ದಿತ್ತು. ಕಟ್ಟಿಸಿದ. ಆ ಹೊತ್ತಿಗೆ ಮಗುವಿಗೆ ತೊಟ್ಟಿಲು ಬೇಕಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಮುರಿಗೆಯ್ಯ, "ಹಾಗಾದರೆ ಈ ಮಠದಲ್ಲೂ ಏನೋ ದೋಷವಿದೆಯೇ, ಬುದ್ಧಿ?" ಎಂದು ಕೇಳಿದ.

ಗುರುಗಳೆಂದರು: "ಇದೆಯಪ್ಪ, ನೀನು ಬಂದು ಎಂಟು ತಿಂಗಳಾದರೂ ನಿನ್ನ ಬಟ್ಟೆಯ ಗಂಟು ಇನ್ನೂ ಬಿಚ್ಚಿಲ್ಲ."