ಆರೋಗ್ಯಮ್ಮನ ಬಾಗಿಲು

ಹೊಳೆದಂಡೆಯ ಕ್ರೈಸ್ತ ಆಶ್ರಮದಲ್ಲಿ ಇನ್ನಾಸಪ್ಪ ಸ್ವಾಮಿಗಳ ಬಳಿ ಚೌರಪ್ಪನೆಂಬ ಶಿಷ್ಯನಿದ್ದ. ಮರಗೆಲಸ ಬಲ್ಲವನು. ಮಾತು ಕೊಡುವುದರಲ್ಲಿ ಮುಂದು, ನಡೆಸುವುದರಲ್ಲಿ ಹಿಂದು.

ಆಶ್ರಮದಿಂದ ಕೂಗಳತೆಯಲ್ಲಿ ಆರೋಗ್ಯಮ್ಮನೆಂಬ ಒಂಟಿ ಮುದುಕಿಯ ಗುಡಿಸಲು. ಅದರ ಬಾಗಿಲನ್ನು ಗೆದ್ದಲು ತಿಂದು ಮುಗಿಸಿತ್ತು. ಮಾಡಿಟ್ಟ ಅನ್ನಕ್ಕೆ ಬೀದಿನಾಯಿಗಳು ನುಗ್ಗುತ್ತಿದ್ದವು. ಮುದುಕಿ ಕೋಲು ಹಿಡಿದು ಕೂತೇ ರಾತ್ರಿ ಕಳೆಯುತ್ತಿದ್ದಳು.

"ಹೊಸ ಬಾಗಿಲು ನಾನು ಮಾಡಿಕೊಡ್ತೀನಿ ಅಜ್ಜಿ," ಅಂದಿದ್ದ ಚೌರಪ್ಪ.

ಮೊದಲು ಹಲಗೆ ಹಸಿಯಾಗಿತ್ತು. ಆಮೇಲೆ ಹಬ್ಬ ಬಂತು. ಹಬ್ಬ ಕಳೆದರೆ ಉಳಿ ಮೊಂಡಾಗಿತ್ತು. ನೆಪಗಳೆಲ್ಲ ಮುಗಿದ ಮೇಲೆ ನಾಚಿಕೆ ಉಳಿಯಿತು. ಮುದುಕಿಗೆ ಮುಖ ತೋರಿಸಲಾರದೆ ಅವನು ಬಳಸುದಾರಿ ಹಿಡಿದ.

ದಿನಾ ಸಂಜೆ ಶಿಲುಬೆಯ ಮುಂದೆ ಮಂಡಿಯೂರಿ ಅಳುತ್ತಿದ್ದ. "ಪ್ರಭುವೇ, ನಾನು ಪಾಪಿ."

ಒಂದು ಸಂಜೆ ಸ್ವಾಮಿಗಳು ಪಕ್ಕದಲ್ಲಿ ಬಂದು ಕೂತರು. "ಯಾಕಪ್ಪಾ ಅಳು?"

ಚೌರಪ್ಪ ಎಲ್ಲ ಹೇಳಿಕೊಂಡ. "ದೇವರು ಕ್ಷಮಿಸಲ್ವಾ ಸ್ವಾಮಿ?"

"ನೀನು ಕೇಳಿದ ದಿನವೇ ಕ್ಷಮಿಸಿರ್ತಾನೆ."

"ಆದರೂ ಮನಸ್ಸು ಹಗುರಾಗ್ತಿಲ್ಲ. ಇಂಥ ಮನಸ್ಸಿಟ್ಟುಕೊಂಡು ಅವಳ ಮುಂದೆ ಹೇಗೆ ನಿಲ್ಲಲಿ? ಹಗುರಾಗಲಿ, ಆಮೇಲೆ ಕೆಲಸಕ್ಕೆ ಕೈ ಹಾಕ್ತೀನಿ."

"ಹಾಗಾದರೆ ಅಲ್ಲಿವರೆಗೆ ಬೇರೆ ಏರ್ಪಾಡು ಆಗಬೇಕು," ಅಂದು ಸ್ವಾಮಿಗಳು ಎದ್ದುಹೋದರು.

ಮರುದಿನ ಬೆಳಗಿನ ಪ್ರಾರ್ಥನೆಗೆ ಸ್ವಾಮಿಗಳು ಬರಲಿಲ್ಲ. ಕೋಣೆಯಲ್ಲಿಲ್ಲ, ಹೊಳೆಯ ಹತ್ತಿರವೂ ಇಲ್ಲ. ಹುಡುಕುತ್ತಾ ಚೌರಪ್ಪ, ತಾನು ಇಷ್ಟು ದಿನ ತುಳಿಯದೆ ಬಿಟ್ಟಿದ್ದ ಮುದುಕಿಯ ಮನೆಯ ದಾರಿಗೇ ಬಂದ.

ಆರೋಗ್ಯಮ್ಮನ ಹೊಸ್ತಿಲ ಮೇಲೆ, ಚೌಕಟ್ಟಿನ ಒಂದು ಕಂಬಕ್ಕೆ ಬೆನ್ನು ಕೊಟ್ಟು, ಇನ್ನೊಂದಕ್ಕೆ ಕಾಲು ಚಾಚಿ, ಕಂಬಳಿ ಹೊದ್ದು ಸ್ವಾಮಿಗಳು ಕೂತಿದ್ದರು. ಗಡ್ಡದ ತುಂಬ ಇಬ್ಬನಿ. ಅಂಗಳದಲ್ಲಿ ನಾಯಿಗಳು ದಾರಿ ಕಾಣದೆ ಸುತ್ತುತ್ತಿದ್ದವು. ಒಳಗೆ ಮುದುಕಿಯ ಗೊರಕೆ.

"ಸ್ವಾಮಿ! ಇದೇನಿದು?"

"ಮೆಲ್ಲಗೆ. ಎಷ್ಟೋ ದಿನದ ಮೇಲೆ ನಿದ್ದೆ ಮಾಡ್ತಿದ್ದಾಳೆ."

"ಏಳಿ ಸ್ವಾಮಿ, ಈ ಚಳಿಯಲ್ಲಿ, ಈ ವಯಸ್ಸಿನಲ್ಲಿ..."

"ಬಾಗಿಲು ಎಲ್ಲಾದರೂ ಎದ್ದು ಹೋಗುತ್ತೇನಪ್ಪಾ?"

ಚೌರಪ್ಪನ ಮಂಡಿ ರೂಢಿಯಂತೆ ನೆಲಕ್ಕೆ ಬಾಗಿತು. ಅರ್ಧ ಬಾಗಿದ್ದು ಹಾಗೇ ನಿಂತಿತು. ಅವನು ತಿರುಗಿ ಓಡಿದ.

ಹಲಗೆಗಳನ್ನು ತಲೆಯ ಮೇಲೆ ಹೊತ್ತು ತಂದು ಅವಳ ಅಂಗಳದಲ್ಲೇ ಹಾಕಿದ. ಗರಗಸ ಹಿಡಿದು ಕೊಯ್ಯತೊಡಗಿದ. ಸದ್ದಿಗೆ ಆರೋಗ್ಯಮ್ಮ ಎದ್ದು ಬಂದಳು. ಬೈಗುಳಕ್ಕೆ ಕಾದು ಅವನು ತಲೆ ತಗ್ಗಿಸಿದ.

"ಬಂದ್ಯಾ ಮಗ?" ಅಂದಳು. ಅಷ್ಟೇ.

ಅವನು ಮತ್ತೆ ಗರಗಸ ಎತ್ತಿಕೊಂಡ. ಊಟ ಮರೆತ, ನೀರಡಿಕೆ ಮರೆತ. ಕೇರಿಯವರು ಬಂದು ಹಲಗೆ ಹಿಡಿದರು, ಕೀಲು ಬಡಿಯಲು ನೆರವಾದರು. ಹೊತ್ತು ಹೊಳೆಯಾಚೆ ಇಳಿಯುವುದರೊಳಗೆ ಬಾಗಿಲು ನಿಂತಿತು.

ಮುದುಕಿ ಚಿಲಕ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. "ಬರಲಿ ಈಗ ಆ ನಾಯಿಗಳು!" ಅಂತ ಬೊಚ್ಚು ಬಾಯಿ ತುಂಬ ನಕ್ಕಳು. ಕೇರಿಗೆ ಕೇರಿಯೇ ಚಪ್ಪಾಳೆ ತಟ್ಟಿತು. ಬೆವರು ಒರೆಸಿಕೊಳ್ಳುತ್ತಾ ಚೌರಪ್ಪನೂ ಗಟ್ಟಿಯಾಗಿ ನಕ್ಕ. ಎದೆ ಹಗುರಾಗಿತ್ತು, ಯಾವಾಗ ಹಗುರಾಯಿತೋ ಅವನಿಗೇ ಗೊತ್ತಿರಲಿಲ್ಲ.

ಆರೋಗ್ಯಮ್ಮ ಕಾಫಿಗೆ ಕರೆದಳು. ಎಲ್ಲರೂ ಒಳಗೆ ಹೋದರು. ಅವನೊಬ್ಬ ಹೊಸ್ತಿಲಾಚೆ ತಡೆದು ನಿಂತ.

"ಸ್ವಾಮಿ, ಕೆಲಸವೇನೋ ಮುಗೀತು. ಇಷ್ಟು ದಿನ ತಡ ಮಾಡಿದ ಆ ತಪ್ಪು?"

ಸ್ವಾಮಿಗಳು ಒಳಗಿನಿಂದ ಚಿಲಕದ ಮೇಲೆ ಕೈಯಿಟ್ಟರು.

"ಅದನ್ನು ಹೊರಗೇ ಬಿಟ್ಟು ಬೇಗ ಬಾ. ಬಾಗಿಲು ಹಾಕಬೇಕು."